ಮೂರೂವರೆ ಸೆಂಟಿಮೀಟರ್ ಉದ್ದ, ಎರಡು ಮೀಟರ್ ಎತ್ತರ: ವಲೇರಿ ಬ್ರೂಮೆಲ್ ಕಾಲಿನ ಪ್ರಕರಣ

ರೋಗಿ ಪುರುಷ. ಅಪಘಾತವಾದಾಗ ವಯಸ್ಸು 23. ಎತ್ತರ 1.85 ಮೀಟರ್. ಬಲಗಾಲಿನ ಕಣಕಾಲಿನಲ್ಲಿ ಚರ್ಮ ಹರಿದು ಮೂಳೆ ಹೊರಬಂದ ಮುರಿತ. ಪಾದ ಹೆಚ್ಚುಕಡಿಮೆ ತುಂಡಾಗಿ ನೇತಾಡುವ ಸ್ಥಿತಿ. ಮೋಟಾರ್‌ಸೈಕಲ್ಲಿನ ಹಿಂಬದಿ ಸವಾರ. ಇಷ್ಟನ್ನೇ ಓದಿದರೆ ನಮ್ಮ ಯಾವುದೋ ಜಿಲ್ಲಾ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಮಲಗಿರುವ ಹುಡುಗನೊಬ್ಬನ ಕೇಸ್ ಶೀಟ್ ಎಂದೇ ಯಾರಾದರೂ ಭಾವಿಸುತ್ತಾರೆ. ಊರು ಮಾತ್ರ ಮಾಸ್ಕೋ, ತಿಂಗಳು 1965ರ ಅಕ್ಟೋಬರ್, ರೋಗಿಯ ಹೆಸರು ವಲೇರಿ ಬ್ರೂಮೆಲ್. ಆ ಹೊತ್ತಿಗೆ ಭೂಮಿಯ ಮೇಲೆ ಅವರಿಗಿಂತ ಎತ್ತರ ಜಿಗಿದು ದಾಖಲೆ ಬರೆದ ಮನುಷ್ಯ ಇನ್ನೊಬ್ಬನಿರಲಿಲ್ಲ.

ಕಾಲು ಉದ್ದ ಮಾಡುವ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಬ್ರೂಮೆಲ್ ಪ್ರಕರಣವನ್ನು ಸಾಮಾನ್ಯವಾಗಿ ಒಂದು ಪವಾಡವಾಗಿ ಹೇಳುತ್ತಾರೆ. ಮೂರು ವರ್ಷ ಯಾರಿಂದಲೂ ಆಗದ್ದನ್ನು ಸೈಬೀರಿಯದ ಅಂಚಿನ ವೈದ್ಯರೊಬ್ಬರು ಕೆಲವೇ ತಿಂಗಳಲ್ಲಿ ಮಾಡಿದರು, ಕುಂಟುತ್ತಿದ್ದವರು ಮತ್ತೆ ಜಿಗಿದರು ಎಂದು. ಸುಳ್ಳೇನಲ್ಲ. ಆದರೆ ಫಿಜಿಯೋಥೆರಪಿಯ ಕೆಲಸ ಮಾಡುವ ನನ್ನಂಥವರಿಗೆ ಈ ಕಥೆಯಲ್ಲಿ ಮೂಳೆಯ ಉದ್ದಕ್ಕಿಂತ ಹೆಚ್ಚು ಕಾಡುವುದು ಬೇರೆ ಪ್ರಶ್ನೆ: ಉದ್ದವಾದ ಕಾಲು ಮತ್ತೆ ಕಾಲಿನಂತೆ ಕೆಲಸ ಮಾಡಲು ಏನೇನು ಬೇಕಾಯಿತು, ಏನು ಮರಳಿತು, ಏನು ಮರಳಲಿಲ್ಲ. ಈ ಬರಹ ಆ ದೃಷ್ಟಿಯಿಂದ.

ಮೊದಲು ಅಪಘಾತಕ್ಕೆ ಮುಂಚಿನ ಕಾಲು ಎಂಥದ್ದು ಎಂದು ತಿಳಿಯಬೇಕು. ಬ್ರೂಮೆಲ್ 1960ರ ರೋಮ್ ಒಲಿಂಪಿಕ್ಸಿನಲ್ಲಿ 18ರ ಹರೆಯದಲ್ಲಿ ಬೆಳ್ಳಿ ಗೆದ್ದರು. 1961ರಿಂದ 1963ರ ನಡುವೆ ವಿಶ್ವದಾಖಲೆಯನ್ನು ಆರು ಬಾರಿ ಮೇಲಕ್ಕೆ ಏರಿಸಿದರು, 2.23 ಮೀಟರಿನಿಂದ ಶುರುವಾಗಿ 1963ರ ಜುಲೈನಲ್ಲಿ ಮಾಸ್ಕೋದಲ್ಲಿ 2.28ಕ್ಕೆ ಬಂದು ನಿಂತರು. ತಮ್ಮ ತಲೆಗಿಂತ 43 ಸೆಂಟಿಮೀಟರ್ ಮೇಲೆ. 1964ರ ಟೋಕಿಯೊದಲ್ಲಿ ಅಮೆರಿಕದ ಜಾನ್ ಥಾಮಸ್ ಕೂಡ ಅವರಷ್ಟೇ, 2.18 ಮೀಟರ್ ಜಿಗಿದರೂ ತಪ್ಪು ಪ್ರಯತ್ನಗಳ ಲೆಕ್ಕದಲ್ಲಿ ಚಿನ್ನ ಬ್ರೂಮೆಲ್ ಪಾಲಾಯಿತು. ಅವರದು ಹೊಟ್ಟೆ ಕೆಳಗಾಗಿ ಅಡ್ಡಪಟ್ಟಿಯ ಮೇಲೆ ಉರುಳಿಕೊಂಡು ದಾಟುವ ಹಳೆಯ ಶೈಲಿ. ಅದರಲ್ಲಿ ಒಂದು ಕಾಲು ನೆಲವನ್ನು ಒದೆಯುತ್ತದೆ, ಇನ್ನೊಂದು ಬೀಸಿ ಮೇಲೆ ಹೋಗುತ್ತದೆ. ಓಟದ ವೇಗವನ್ನು ಕೊನೆಯ ಎರಡು ಹೆಜ್ಜೆಗಳಲ್ಲಿ ಎತ್ತರವಾಗಿ ತಿರುಗಿಸಲು ಎರಡೂ ಕಾಲಿನ ಮಂಡಿ, ಪಾದದ ಕೀಲು, ಮೀನಖಂಡ ಒಟ್ಟಿಗೆ ಕೆಲಸ ಮಾಡಬೇಕು. ಬ್ರೂಮೆಲ್ ಅವರ ಓಟದ ವೇಗ ಆ ಕಾಲದ ಜಿಗಿತಗಾರರಲ್ಲಿ ಹೆಸರಾಗಿತ್ತು. ಆದ್ದರಿಂದ ಪೆಟ್ಟಾದದ್ದು ಯಾವ ಕಾಲಿಗೆ ಎನ್ನುವುದು ಇಲ್ಲಿ ಅಷ್ಟು ಮುಖ್ಯವಲ್ಲ. ಎರಡರಲ್ಲಿ ಒಂದು ಹೋದರೂ ಜಿಗಿತ ಹೋಯಿತು.

ಅಪಘಾತದ ನಂತರದ ಮೂರು ವರ್ಷಗಳನ್ನು ಕ್ರೀಡಾ ಲೇಖಕರು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ನಿಜವಾದ ಹಾನಿ ಅಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಸಣ್ಣವು ದೊಡ್ಡವು ಸೇರಿ ಇಪ್ಪತ್ತೈದಕ್ಕೂ ಹೆಚ್ಚು ಬಾರಿ ಆ ಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಮೂಳೆ ಕೂಡಲಿಲ್ಲ. ಒಳಗೆ ಸೋಂಕು ಮನೆಮಾಡಿತು. ಕಣಕಾಲಿನ ಮುಂಭಾಗವನ್ನು ಬೆರಳಿನಿಂದ ಒತ್ತಿ ನೋಡಿದರೆ ಕಾರಣ ಅರ್ಥವಾಗುತ್ತದೆ: ಚರ್ಮದ ಕೆಳಗೆ ನೇರ ಮೂಳೆಯೇ ಸಿಗುತ್ತದೆ, ನಡುವೆ ಮಾಂಸವಿಲ್ಲ. ಅದರಲ್ಲೂ ಕೆಳಗಿನ ಮೂರನೇ ಒಂದು ಭಾಗಕ್ಕೆ ರಕ್ತದ ಸರಬರಾಜು ಕಡಿಮೆ. ಅಲ್ಲಿ ಚರ್ಮ ಹರಿದು ಮಣ್ಣು ಸೇರಿದ ಮುರಿತ ಇಂದಿಗೂ ಮೂಳೆ ವೈದ್ಯರಿಗೆ ತಲೆನೋವು. ಸತ್ತ ಮೂಳೆಯ ಚೂರುಗಳನ್ನು ತೆಗೆಯಬೇಕು. ತೆಗೆದಷ್ಟೂ ಕಾಲು ಮೊಟಕಾಗುತ್ತದೆ. ಬ್ರೂಮೆಲ್ ಕಾಲು ಹೀಗೆ ಕಿರಿದಾದದ್ದು ಸುಮಾರು 3.5 ಸೆಂಟಿಮೀಟರ್.

ಕೇಳಲು ಇದು ಸಣ್ಣ ಸಂಖ್ಯೆ. ಎರಡು ಸೆಂಟಿಮೀಟರಿನವರೆಗಿನ ವ್ಯತ್ಯಾಸವನ್ನು ದೇಹ ಹೇಗೋ ಹೊಂದಿಸಿಕೊಳ್ಳುತ್ತದೆ, ಬೇಕಾದರೆ ಚಪ್ಪಲಿಯ ಅಟ್ಟೆಯನ್ನು ಎತ್ತರಿಸಿದರೆ ಸಾಕಾಗುತ್ತದೆ. ಅದನ್ನು ಮೀರಿದರೆ ಸೊಂಟ ಒಂದು ಕಡೆಗೆ ಇಳಿಯುತ್ತದೆ, ಬೆನ್ನು ಅದನ್ನು ಸರಿದೂಗಿಸಲು ವಾಲುತ್ತದೆ, ಉದ್ದದ ಕಾಲಿನ ಮಂಡಿ ಸದಾ ಸ್ವಲ್ಪ ಬಾಗಿಯೇ ಇರುತ್ತದೆ, ಗಿಡ್ಡ ಕಾಲು ಹಿಮ್ಮಡಿಯನ್ನು ಎತ್ತಿ ತುದಿಗಾಲಿನಲ್ಲಿ ನೆಲ ಮುಟ್ಟುವುದನ್ನು ಕಲಿಯುತ್ತದೆ. ಕಲಿಯುತ್ತದೆ ಎನ್ನುವ ಮಾತನ್ನು ಗಮನದಲ್ಲಿಡಬೇಕು. ಕೊನೆಗೆ ಮೂಳೆಯನ್ನು ಸರಿಮಾಡಿದರೂ ಈ ಕಲಿಕೆ ತಾನಾಗಿ ಅಳಿಯುವುದಿಲ್ಲ.

ಇದರ ಮೇಲೆ ಮೂರು ವರ್ಷ ಊರುಗೋಲು. ಭಾರ ಬೀಳದ ಮೂಳೆ ಸುಣ್ಣ ಕಳೆದುಕೊಂಡು ಟೊಳ್ಳಾಗುತ್ತದೆ, ಪ್ಲಾಸ್ಟರಿನೊಳಗಿನ ಕೀಲು ಅಂಟಿಕೊಳ್ಳುತ್ತದೆ, ತೊಡೆಯ ಮುಂದಿನ ಸ್ನಾಯು ಕೆಲವೇ ವಾರಗಳಲ್ಲಿ ಕಣ್ಣಿಗೆ ಕಾಣುವಂತೆ ಸೊರಗುತ್ತದೆ. ಮುರಿತವನ್ನು ಕಾಪಾಡಲೆಂದು ಕಾಲನ್ನು ಅಲ್ಲಾಡದಂತೆ ಇಡುವುದು, ಅಲ್ಲಾಡದ ಕಾರಣಕ್ಕೇ ಮೂಳೆ ಮತ್ತೂ ಕೂಡದಿರುವುದು, ಕೂಡಲಿಲ್ಲವೆಂದು ಇನ್ನಷ್ಟು ತಿಂಗಳು ಕಟ್ಟಿಹಾಕುವುದು: ಆ ಕಾಲದ ಚಿಕಿತ್ಸೆ ಈ ಸುಳಿಯಲ್ಲಿ ಸಿಕ್ಕಿಕೊಂಡಿತ್ತು. ವೈದ್ಯರ ಅಸಡ್ಡೆ ಎಂದು ದೂರಲಾಗದು. ಅವರ ಕೈಯಲ್ಲಿದ್ದ ಸಲಕರಣೆಗಳು ಅಷ್ಟೇ.

1968ರಲ್ಲಿ ಬ್ರೂಮೆಲ್ ಕುರ್ಗಾನ್‌ಗೆ ಹೋದರು. ಉರಲ್ ಪರ್ವತಗಳ ಆಚೆ, ತೊಬೊಲ್ ನದಿಯ ದಂಡೆಯಲ್ಲಿರುವ ಊರು. ಅಲ್ಲಿ ಗವ್ರೀಲ್ ಇಲಿಝರೋವ್ ಎಂಬ ವೈದ್ಯರಿದ್ದರು. 1944ರಲ್ಲಿ ವೈದ್ಯಕೀಯ ಪದವಿ ಪಡೆದ ಮೇಲೆ ಕುರ್ಗಾನ್ ಪ್ರಾಂತ್ಯದ ದೊಲ್ಗೊವ್ಕಾ ಹಳ್ಳಿಯಲ್ಲಿ ವೃತ್ತಿ ಶುರುಮಾಡಿದವರು. ಯುದ್ಧದಿಂದ ಕೈಕಾಲು ಮುರಿದುಕೊಂಡು ಬಂದವರು ಆಗ ಎಲ್ಲೆಲ್ಲೂ ಇದ್ದರು. 1950ರ ದಶಕದ ಆರಂಭದಲ್ಲಿ ಅವರು ರೂಪಿಸಿದ ಸಾಧನ ಇಂದು ಅವರ ಹೆಸರಿನಲ್ಲೇ ಪ್ರಸಿದ್ಧ. ನಮ್ಮ ವಾರ್ಡುಗಳಲ್ಲಿ ಮಾತ್ರ ಯಾರೂ ಅಷ್ಟುದ್ದದ ಹೆಸರು ಹೇಳುವುದಿಲ್ಲ, 'ರಿಂಗ್ ಹಾಕಿದ್ದಾರೆ' ಎನ್ನುತ್ತಾರೆ. ಕಾಲನ್ನು ಸುತ್ತುವ ಲೋಹದ ಬಳೆಗಳು, ಬಳೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಮೂಳೆಯನ್ನು ಅಡ್ಡಡ್ಡ ದಾಟಿ ಬಿಗಿಯಾಗಿ ಎಳೆದು ಕಟ್ಟಿದ ತಂತಿಗಳು, ಬಳೆಗಳನ್ನು ಒಂದಕ್ಕೊಂದು ಜೋಡಿಸುವ ತಿರುಪಿನಂತೆ ಸುತ್ತುಗೆರೆ (ಮರೆ) ಕೊರೆದ ಸರಳುಗಳು. ತಂತಿಯ ದಪ್ಪ ಎರಡು ಮಿಲಿಮೀಟರಿಗೂ ಕಡಿಮೆ. ಇಷ್ಟು ಸಪೂರ ತಂತಿ ಮನುಷ್ಯನ ಭಾರ ಹೊರುತ್ತದೆಯೇ ಎಂದು ನೋಡಿದವರಿಗೆ ಅನುಮಾನ ಬರುವುದು ಸಹಜ. ಮಾಸ್ಕೋದ ದೊಡ್ಡ ತಜ್ಞರಿಗೂ ಬಹುಕಾಲ ಇಲಿಝರೋವ್ ಬಗ್ಗೆ ಅನುಮಾನವೇ ಇತ್ತು.

ಸಾಧನದ ಜಾಣತನ ಇರುವುದು ಆ ಸಪೂರತನದಲ್ಲೇ. ಬಿಗಿದ ತಂತಿಗಳು ಮೂಳೆ ಬಾಗದಂತೆ, ತಿರುಚದಂತೆ ಹಿಡಿಯುತ್ತವೆ. ಆದರೆ ಹೆಜ್ಜೆ ಇಟ್ಟಾಗ ಮೇಲಿಂದ ಕೆಳಕ್ಕೆ ಕೂದಲೆಳೆಯಷ್ಟು ಚಲನೆಗೆ ಬಿಡುತ್ತವೆ. ಆ ಕಿರುಚಲನೆ ಮೂಳೆಯ ಬೆಳವಣಿಗೆಗೆ ಪ್ರಚೋದನೆ. ಅಂದರೆ ಇಲ್ಲಿ ನಡಿಗೆಯೇ ಔಷಧ; ಗುಣವಾದ ಮೇಲೆ ಸಿಗುವ ಬಹುಮಾನವಲ್ಲ. ಮೂರು ವರ್ಷ ಕಾಲು ಊರಬೇಡಿ ಎಂದು ಕೇಳಿಸಿಕೊಂಡ ಬ್ರೂಮೆಲ್ ಅವರಿಗೆ ಕುರ್ಗಾನಿನಲ್ಲಿ ಸಿಕ್ಕ ನಿಜವಾದ ಬದಲಾವಣೆ ಇದೇ ಎಂದು ನಾನು ಓದಿಕೊಳ್ಳುತ್ತೇನೆ. ಕೂಡದ ಮೂಳೆ, ಸೋಂಕು, ಗಿಡ್ಡತನ ಮೂರನ್ನೂ ಒಂದೇ ಚೌಕಟ್ಟಿನಲ್ಲಿ ನಿಭಾಯಿಸಲಾಯಿತು, ಅದೂ ಕಾಲಿಗೆ ಕೆಲಸ ಕೊಡುತ್ತಲೇ. ಕಾಲನ್ನು ಎಳೆಯುವ ಅವಧಿಯಲ್ಲಿ ಇಡೀ ಅಂಗದ ರಕ್ತಸಂಚಾರ ಹೆಚ್ಚುತ್ತದೆ. ಸೋಂಕು ಹತೋಟಿಗೆ ಬರಲು ಅದೂ ನೆರವಾಗುತ್ತದೆ ಎಂಬುದು ಇಲಿಝರೋವ್ ಪಂಥದ ನಂಬಿಕೆ.

ಇನ್ನು ಮೂರೂವರೆ ಸೆಂಟಿಮೀಟರಿನ ಲೆಕ್ಕ. ಇಲ್ಲಿಂದ ಕೆಲವು ಪ್ಯಾರಾಗಳಲ್ಲಿ ಹೇಳುವುದು ಇಂಥ ಯಾವುದೇ ಕಾಲು ಸಾಗುವ ದಾರಿ. ಬ್ರೂಮೆಲ್ ಅವರ ವಾರ್ಡಿನ ದಿನಚರಿಯಲ್ಲ. ಹೊರಪದರವನ್ನು ಜೋಪಾನವಾಗಿ ಉಳಿಸಿ ಮೂಳೆಯನ್ನು ಕತ್ತರಿಸುತ್ತಾರೆ. ಐದರಿಂದ ಏಳು ದಿನ ಏನೂ ಮಾಡದೆ ಕಾಯುತ್ತಾರೆ. ಆಮೇಲೆ ದಿನಕ್ಕೆ ಒಂದು ಮಿಲಿಮೀಟರಿನಂತೆ ಎರಡು ತುದಿಗಳನ್ನು ದೂರ ಸರಿಸುತ್ತಾರೆ. ಒಂದೇ ಸಲಕ್ಕಲ್ಲ, ಕಾಲು ಕಾಲು ಮಿಲಿಮೀಟರಿನಂತೆ ನಾಲ್ಕು ಸಲ. ಸರಳಿನ ಮರೆಯ ಅಂತರವೇ ಒಂದು ಮಿಲಿಮೀಟರ್. ಹಾಗಾಗಿ ಹತ್ತನೇ ನಂಬರಿನ ಸ್ಪ್ಯಾನರಿನಿಂದ ನಟ್ಟನ್ನು ಕಾಲು ಸುತ್ತು ತಿರುಗಿಸಿದರೆ ಲೆಕ್ಕ ಸರಿಹೋಗುತ್ತದೆ. ಕೆಲವು ಸರಳುಗಳಲ್ಲಿ ತಿರುಗಿಸುವ ತಲೆ ಚೌಕಾಕಾರವಾಗಿದ್ದು ನಾಲ್ಕು ಮುಖಗಳ ಮೇಲೆ ಒಂದು, ಎರಡು, ಮೂರು, ನಾಲ್ಕು ಚುಕ್ಕೆಗಳಿರುತ್ತವೆ. ಬೆಳಿಗ್ಗೆ ಎದ್ದಾಗ ಒಂದು ಚುಕ್ಕೆ ಮೇಲೆ, ಊಟದ ಹೊತ್ತಿಗೆ ಎರಡು, ಸಂಜೆ ಮೂರು, ಮಲಗುವಾಗ ನಾಲ್ಕು. ತಿರುಗಿಸುವುದು ರೋಗಿಯೇ, ಇಲ್ಲವೇ ಮನೆಯವರು. ನಟ್ಟು ತಿರುಗಿದ ಆ ಕ್ಷಣದಲ್ಲಿ ಬಹುಪಾಲು ರೋಗಿಗಳಿಗೆ ನೋವೇ ಆಗುವುದಿಲ್ಲ. ಅದು ಬರುವುದು ರಾತ್ರಿ, ಮೀನಖಂಡ ಸೆಳೆತುಕೊಂಡಾಗ.

ಮೂವತ್ತೈದು ಮಿಲಿಮೀಟರಿಗೆ ಮೂವತ್ತೈದು ದಿನ. ಇಷ್ಟು ಕೇಳಿದವರು ಒಂದೂವರೆ ತಿಂಗಳಲ್ಲಿ ಮುಗಿಯಿತು ಎಂದುಕೊಳ್ಳುತ್ತಾರೆ. ಆಗ ಎಕ್ಸ್-ರೇಯಲ್ಲಿ ಕಾಣುವುದು ಎರಡು ಬಿಳಿ ತುದಿಗಳ ನಡುವೆ ಮಬ್ಬು ಗೆರೆಗಳು ಮಾತ್ರ. ಅದು ಗಟ್ಟಿ ಮೂಳೆಯಾಗಲು ಎಳೆದ ಅವಧಿಯ ಎರಡು ಮೂರು ಪಟ್ಟು ಕಾಲ ಬೇಕು. ವಯಸ್ಕರಲ್ಲಿ ಒಂದು ಸೆಂಟಿಮೀಟರಿಗೆ ಒಟ್ಟಾರೆ ಒಂದರಿಂದ ಒಂದೂವರೆ ತಿಂಗಳು ಚೌಕಟ್ಟು ಇರಬೇಕಾಗುತ್ತದೆ ಎಂದು ಅಂದಾಜು ಹಾಕಬಹುದು. ಧೂಮಪಾನಿಗಳಲ್ಲಿ ಇನ್ನೂ ತಡ.

ಎಳೆಯುವ ಈ ದಿನಗಳಲ್ಲೇ ಚಲನೆಯನ್ನು ಉಳಿಸಿಕೊಳ್ಳುವುದೋ ಕಳೆದುಕೊಳ್ಳುವುದೋ ನಿರ್ಧಾರವಾಗಿಬಿಡುತ್ತದೆ. ಮೂಳೆ ದಿನಕ್ಕೆ ಒಂದು ಮಿಲಿಮೀಟರ್ ಬೆಳೆಯಲು ಒಪ್ಪುತ್ತದೆ. ಸ್ನಾಯು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಮೀನಖಂಡದ ಮೇಲ್ಪದರದ ಸ್ನಾಯು ಮಂಡಿಯ ಮೇಲಿನಿಂದ ಹೊರಟು ಹಿಮ್ಮಡಿಗೆ ಬಂದು ಸೇರುತ್ತದೆ. ಎರಡು ಕೀಲು ದಾಟುತ್ತದೆ. ಕಣಕಾಲಿನ ಮೂಳೆ ಉದ್ದವಾದಂತೆ ಅದು ಬಿಗಿದ ಹಗ್ಗವಾಗುತ್ತದೆ. ಬಿಗಿತ ತಪ್ಪಿಸಿಕೊಳ್ಳಲು ದೇಹಕ್ಕೆ ಎರಡು ದಾರಿ: ಮಂಡಿಯನ್ನು ಬಾಗಿಸುವುದು, ಹಿಮ್ಮಡಿಯನ್ನು ಮೇಲೆತ್ತುವುದು. ಎರಡನ್ನೂ ಬಿಟ್ಟುಕೊಟ್ಟರೆ ಕಾಲು ಅಳತೆಪಟ್ಟಿಯಲ್ಲಿ ಉದ್ದವಾಗಿರುತ್ತದೆ, ನಿಂತಾಗ ಮಾತ್ರ ಹಿಮ್ಮಡಿ ನೆಲಕ್ಕೆ ತಾಗುವುದೇ ಇಲ್ಲ.

ನಮ್ಮಲ್ಲಿ ಈ ಅನಾಹುತ ಶುರುವಾಗುವುದು ದಿಂಬಿನಿಂದ. ಮಗನ ಕಾಲಿಗೆ ನೋವೆಂದು ತಾಯಿ ಮಂಡಿಯ ಕೆಳಗೆ ಮೆತ್ತನೆಯ ದಿಂಬು ಇಡುತ್ತಾಳೆ. ಮಂಡಿ ಬಾಗಿದ ಕೂಡಲೇ ಸೆಳೆತ ಕಡಿಮೆಯಾಗುತ್ತದೆ, ಹುಡುಗ ನಿದ್ದೆ ಹೋಗುತ್ತಾನೆ, ಎಲ್ಲರಿಗೂ ನೆಮ್ಮದಿ. ಹೀಗೆ ಮೂರು ವಾರ ಕಳೆದರೆ ಮಂಡಿ ನೇರವಾಗುವುದನ್ನು ಮರೆಯುತ್ತದೆ. ದಿಂಬು ಇರಬೇಕಾದದ್ದು ಹಿಮ್ಮಡಿಯ ಕೆಳಗೆ, ಮಂಡಿ ಗಾಳಿಯಲ್ಲಿ ತನ್ನ ಭಾರಕ್ಕೆ ತಾನೇ ಕೆಳಗಿಳಿಯುವ ಹಾಗೆ. 'ಅಮ್ಮಾ, ಅದನ್ನು ತೆಗೆದು ಇಲ್ಲಿಡಿ' ಎಂದರೆ ನನ್ನನ್ನು ಕಟುಕನನ್ನು ನೋಡುವಂತೆ ನೋಡುತ್ತಾರೆ. ಅವರ ತಪ್ಪಲ್ಲ. ಸುಖ ಕೊಡುವ ಭಂಗಿಯೇ ಕಾಲನ್ನು ಕೆಡಿಸುತ್ತದೆ ಎಂದರೆ ಯಾರು ತಾನೇ ನಂಬುತ್ತಾರೆ.

ಹಾಗೆಯೇ ಟವೆಲ್. ಕಾಲು ಚಾಚಿ ಕುಳಿತು, ಟವೆಲನ್ನು ಬೆರಳುಗಳ ಬುಡಕ್ಕೆ ಸುತ್ತಿ, ಎರಡೂ ತುದಿ ಹಿಡಿದು ಪಾದವನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಅರ್ಧ ನಿಮಿಷ ಹಿಡಿದು ಬಿಡಬೇಕು. ದಿನಕ್ಕೆ ಹಲವು ಬಾರಿ, ನೋವಿನ ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತು ನೋಡಿಕೊಂಡು. ಕಳ್ಳತನ ಎಲ್ಲಿ ನಡೆಯುತ್ತದೆ ಎಂದರೆ, ಪಾದ ಎಳೆಯುವಾಗ ಮಂಡಿ ತಾನಾಗಿ ಮೇಲೇಳುತ್ತದೆ. ಆಗ ಪಾದ ಚೆನ್ನಾಗಿ ಬಂದಂತೆ ಕಾಣುತ್ತದೆ, ಸ್ನಾಯು ಮಾತ್ರ ಒಂದಿಷ್ಟೂ ಹಿಗ್ಗಿರುವುದಿಲ್ಲ. ಮಂಡಿಯ ಮೇಲೆ ಒಂದು ಕೈ ಇಟ್ಟು ನೋಡುವವರು ಬೇಕು. ಮಲಗುವಾಗ ಪಾದದ ಹಲಗೆಯನ್ನು ಚೌಕಟ್ಟಿಗೆ ಪಟ್ಟಿಯಿಂದ ಕಟ್ಟಿ ಹಿಮ್ಮಡಿ ಇಳಿದೇ ಇರುವಂತೆ ನೋಡಿಕೊಳ್ಳುತ್ತಾರೆ. ಹೆಚ್ಚು ಉದ್ದ ಎಳೆಯುವುದಿದ್ದರೆ ಶಸ್ತ್ರಚಿಕಿತ್ಸಕರು ಪಾದವನ್ನೂ ಒಂದು ಬಳೆಯೊಳಗೆ ಸೇರಿಸಿಬಿಡುತ್ತಾರೆ; ಇಲ್ಲವೇ ಹಿಮ್ಮಡಿಯ ಸ್ನಾಯುರಜ್ಜನ್ನು ಕೊಯ್ದು ಉದ್ದ ಮಾಡುತ್ತಾರೆ. ಈ ಕೊನೆಯ ದಾರಿ ಜಿಗಿತಗಾರನಿಗೆ ದುಬಾರಿ, ಏಕೆಂದರೆ ನೆಲವನ್ನು ಒದ್ದು ಚಿಮ್ಮುವ ಶಕ್ತಿ ಆ ರಜ್ಜಿನಲ್ಲೇ ಅಡಗಿರುತ್ತದೆ.

ಸಪಾಟು ನೆಲದ ಮೇಲೆ ನಡೆಯಲು ಪಾದ ಲಂಬಕೋನವನ್ನು ದಾಟಿ ಹತ್ತು ಡಿಗ್ರಿಯಷ್ಟು ಮೇಲಕ್ಕೆ ಬಾಗಿದರೆ ಸಾಕು. ಕುಕ್ಕರುಗಾಲಿನಲ್ಲಿ ಕೂರಲು ಅಷ್ಟು ಸಾಲದು; ಅದಕ್ಕೆ ಮಂಡಿಯೂ ಪೂರ್ತಿ ಮಡಚಬೇಕು. ಕುರ್ಚಿ ಮೇಜಿನ ದೇಶಗಳ ಪುಸ್ತಕ ಓದಿ ಹತ್ತು ಡಿಗ್ರಿಗೆ ತೃಪ್ತರಾದರೆ ನಮ್ಮ ರೋಗಿ ಊರಿಗೆ ಹೋಗಿ ಹಳೆಯ ಶೌಚಾಲಯದಲ್ಲಿ ಕೂರಲಾಗದೆ, ಗದ್ದೆಯಲ್ಲಿ ಕಳೆ ಕೀಳಲಾಗದೆ, ಪಂಕ್ತಿಯಲ್ಲಿ ಊಟಕ್ಕೆ ಕೂರಲಾಗದೆ ಒದ್ದಾಡುತ್ತಾನೆ. ಗುರಿಯನ್ನು ಅವನ ಮನೆ, ಅವನ ಕೆಲಸ ನೋಡಿ ನಿಗದಿ ಮಾಡಬೇಕು.

ನರಕ್ಕೂ ಒಂದು ಮಿತಿ ಇದೆ. ಪಾದದ ಮೇಲ್ಭಾಗದಲ್ಲಿ ಉರಿ, ಜೋಮು, ಹೆಬ್ಬೆರಳನ್ನು ಮೇಲೆತ್ತಲು ಆಗದಿರುವುದು, ಇವು ಕಂಡರೆ ಎಳೆಯುವ ವೇಗವನ್ನು ತಗ್ಗಿಸಬೇಕು, ಕೆಲವೊಮ್ಮೆ ಕೆಲವು ದಿನ ನಿಲ್ಲಿಸಲೂ ಬೇಕು. ತಂತಿ ಚರ್ಮ ಹೊಕ್ಕ ಜಾಗ ಕೆಂಪಾಗಿ ಕೀವು ಬರುವುದಂತೂ ಅತ್ಯಂತ ಸಾಮಾನ್ಯ ತೊಡಕು. ಅದರ ಬಗ್ಗೆ ಬರೆದದ್ದು ಬೇಕಾದಷ್ಟಿದೆ, ಇಲ್ಲಿ ಬೆಳೆಸುವುದಿಲ್ಲ. ಒಂದು ಮಾತು ಮಾತ್ರ: ತೂತು ನೋಯುತ್ತದೆಂದು ರೋಗಿ ನಡೆಯುವುದನ್ನು ಬಿಡುತ್ತಾನೆ, ಬಿಟ್ಟರೆ ಮೂಳೆ ಗಟ್ಟಿಯಾಗುವುದು ತಡವಾಗುತ್ತದೆ, ತಡವಾದಷ್ಟೂ ತಂತಿ ಒಳಗಿರುತ್ತದೆ. ತೂತಿನ ಆರೈಕೆಯೂ ನಡಿಗೆಯ ಆರೈಕೆಯೇ.

ಚೌಕಟ್ಟು ಹೊತ್ತು ನಡೆಯುವುದನ್ನು ನೋಡಿದವರಿಗೆ ಗೊತ್ತು, ಮೊದಲ ಕೆಲವು ದಿನ ಅದು ನಡಿಗೆಯೇ ಅಲ್ಲ. ಬಳೆ ಇನ್ನೊಂದು ಕಾಲಿಗೆ ತಗುಲಿ ಗೀರದಿರಲೆಂದು ರೋಗಿ ಕಾಲನ್ನು ಅಗಲಿಸಿ, ಸೊಂಟ ಎತ್ತಿ, ಕಾಲನ್ನು ಹೊರಗಿನಿಂದ ಸುತ್ತಿ ತರುತ್ತಾನೆ. ಪ್ಯಾಂಟು ಹಿಡಿಸುವುದಿಲ್ಲ, ಹೊಲಿಗೆ ಬಿಚ್ಚಿ ವೆಲ್ಕ್ರೊ ಹಾಕಿಸಬೇಕು, ಇಲ್ಲವೇ ಲುಂಗಿ. ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದೆಂದು ವೈದ್ಯರು ಕಿಲೋ ಲೆಕ್ಕದಲ್ಲಿ ಹೇಳಿದರೆ ಅದು ಯಾರಿಗೂ ಅರ್ಥವಾಗುವುದಿಲ್ಲ. ತೂಕದ ಯಂತ್ರದ ಮೇಲೆ ಆ ಪಾದವನ್ನಿಟ್ಟು, ಮುಳ್ಳು ಇಪ್ಪತ್ತಕ್ಕೆ ಬರುವವರೆಗೆ ಒತ್ತಲು ಹೇಳಿದರೆ ಒಂದೇ ಬಾರಿಗೆ ತಿಳಿಯುತ್ತದೆ. ಹೆದರಿದವರು ಐದಕ್ಕೇ ನಿಲ್ಲುತ್ತಾರೆ. ಹುಂಬರು ಐವತ್ತಕ್ಕೆ ಹೋಗುತ್ತಾರೆ. ಇಬ್ಬರಿಗೂ ಮುಳ್ಳನ್ನು ನೋಡುವುದೇ ಪಾಠ. ಕುರ್ಗಾನಿನ ವೈಶಿಷ್ಟ್ಯವೆಂದರೆ ಚೌಕಟ್ಟು ಹಾಕಿಕೊಂಡವರು ಮಂಚದಲ್ಲಿ ಬಿದ್ದಿರದೆ ಓಡಾಡಬೇಕು, ಮೆಟ್ಟಿಲು ಹತ್ತಬೇಕು, ವ್ಯಾಯಾಮ ಮಾಡಬೇಕು ಎನ್ನುವುದು ಚಿಕಿತ್ಸೆಯ ಒಳಗೇ ಸೇರಿತ್ತು. ಒಬ್ಬನನ್ನು ನೋಡಿ ಇನ್ನೊಬ್ಬ ನಡೆಯುತ್ತಾನೆ. ಒಂಟಿ ಕೋಣೆಯ ಖಾಸಗಿ ಆಸ್ಪತ್ರೆಯಲ್ಲಿ ಈ ಲಾಭ ಇಲ್ಲ.

ಚೌಕಟ್ಟು ಬಿಚ್ಚಿದ ದಿನ ಮನೆಯಲ್ಲಿ ಸಿಹಿ ಹಂಚುತ್ತಾರೆ. ಚಿಕಿತ್ಸೆಯ ದೃಷ್ಟಿಯಿಂದ ಅದು ಅಪಾಯದ ದಿನ. ಅಲ್ಲಿಯವರೆಗೆ ಸರಳುಗಳು ಹಂಚಿಕೊಂಡಿದ್ದ ಭಾರವೆಲ್ಲ ಒಮ್ಮೆಗೇ ಎಳೆಯ ಮೂಳೆಯ ಮೇಲೆ ಬೀಳುತ್ತದೆ. ಅದು ಬಾಗಬಹುದು, ಮುರಿಯಲೂಬಹುದು. ಅದಕ್ಕೆಂದೇ ಎಕ್ಸ್-ರೇಯಲ್ಲಿ ಹೊಸ ಮೂಳೆಯ ನಾಲ್ಕು ಬದಿಗಳಲ್ಲಿ ಮೂರಾದರೂ ಗಟ್ಟಿಯಾಗಿವೆಯೇ ಎಂದು ನೋಡುತ್ತಾರೆ, ಬಿಚ್ಚುವ ಮೊದಲು ನಟ್ಟುಗಳನ್ನು ಸಡಿಲಿಸಿ ಕೆಲವು ವಾರ ನಡೆಸುತ್ತಾರೆ, ಬಿಚ್ಚಿದ ಮೇಲೂ ಕೆಲಕಾಲ ಪಟ್ಟಿ ಕಟ್ಟುತ್ತಾರೆ.

ಆಮೇಲೆ ಎಲ್ಲರೂ ಕೇಳುವ ಪ್ರಶ್ನೆ: ಎರಡೂ ಕಾಲು ಸಮವಾಯಿತಲ್ಲ, ಇನ್ನೂ ಏಕೆ ಕುಂಟುತ್ತಾನೆ? ಕುಂಟು ಮೂಳೆಯಲ್ಲಿ ಮಾತ್ರ ಇರಲಿಲ್ಲ, ಅದಕ್ಕೇ. ಸೊಂಟದ ಪಕ್ಕದ ಸ್ನಾಯು ಸೋತಿದೆ. ಒಂಟಿ ಕಾಲಿನಲ್ಲಿ ನಿಲ್ಲಿಸಿದರೆ ಸೊಂಟ ಆಚೆ ಕಡೆಗೆ ಜಾರುತ್ತದೆ. ತೊಡೆಯ ಸುತ್ತಳತೆ ಇನ್ನೊಂದಕ್ಕಿಂತ ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ, ಗಿಡ್ಡ ಕಾಲಿಗೆಂದು ವರ್ಷಗಟ್ಟಲೆ ಕಲಿತ ಹೆಜ್ಜೆ ತಲೆಯಲ್ಲಿ ಕೂತಿದೆ. ಸಮವಾದ ಕಾಲು ರೋಗಿಗೆ ಉದ್ದವಾದಂತೆ ಅನ್ನಿಸುತ್ತದೆ, 'ಎತ್ತರದ ಮೇಲೆ ಕಾಲಿಟ್ಟ ಹಾಗಿದೆ' ಎನ್ನುತ್ತಾರೆ. ಕನ್ನಡಿಯ ಮುಂದೆ ನಡೆಸುವುದು ಒಂದು ಉಪಾಯ. ಕಣ್ಣು ಮುಚ್ಚಿ ತನ್ನ ಹೆಜ್ಜೆಯ ಸದ್ದು ಕೇಳಿಸಿಕೊಳ್ಳಲು ಹೇಳುವುದು ಇನ್ನೊಂದು. ಎರಡು ಹೆಜ್ಜೆಯ ನಡುವಿನ ಬಿಡುವು ಒಂದೇ ಆಗಿದೆಯೇ ಎಂದು ಕಿವಿ ಬಲುಬೇಗ ಪತ್ತೆ ಹಚ್ಚುತ್ತದೆ.

ಇಷ್ಟೆಲ್ಲ ಹಿನ್ನೆಲೆಯಲ್ಲಿಟ್ಟು ಬ್ರೂಮೆಲ್ ಕಡೆಗೆ ತಿರುಗಿದರೆ ಅವರು ಮಾಡಿದ್ದರ ತೂಕ ತಿಳಿಯುತ್ತದೆ. ಮೂಳೆ ಕೂಡಿತು, ಸೋಂಕು ಅಡಗಿತು, ಕಾಲು ಸಮವಾಯಿತು. ಅವರು ತರಬೇತಿಗೆ ಇಳಿದರು. ಸ್ಪರ್ಧೆಗೂ ಮರಳಿದರು. ಎರಡು ಮೀಟರನ್ನು ದಾಟಿ 2.05ರ ಆಸುಪಾಸಿನವರೆಗೆ ಹೋದರು, ಮುಂದೆ ಹೋಗಲಾಗಲಿಲ್ಲ. 1970ರ ಹೊತ್ತಿಗೆ ಕ್ರೀಡಾಂಗಣ ಬಿಟ್ಟರು.

ಅವರು ಮಲಗಿದ್ದ ಕಾಲದಲ್ಲಿ ಅವರ ಕ್ರೀಡೆಯೇ ಬದಲಾಗಿತ್ತು. 1968ರ ಅಕ್ಟೋಬರಿನಲ್ಲಿ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ ಅಮೆರಿಕದ ಡಿಕ್ ಫಾಸ್ಬರಿ ಬೆನ್ನು ಕೆಳಗಾಗಿ ಅಡ್ಡಪಟ್ಟಿ ದಾಟಿ 2.24 ಮೀಟರಿಗೆ ಚಿನ್ನ ಗೆದ್ದರು. ಆ ಚಿನ್ನದ ಜಿಗಿತ ಬ್ರೂಮೆಲ್ ಐದು ವರ್ಷ ಹಿಂದೆ ಮಾಡಿದ್ದಕ್ಕಿಂತ ನಾಲ್ಕು ಸೆಂಟಿಮೀಟರ್ ಕೆಳಗೆ. ಚೀನಾದ ನೀ ಝಿಚಿನ್ 1970ರಲ್ಲಿ 2.29 ಜಿಗಿದರೂ ಅವರ ದೇಶ ಅಂತರರಾಷ್ಟ್ರೀಯ ಒಕ್ಕೂಟದ ಹೊರಗಿದ್ದುದರಿಂದ ಅದು ಲೆಕ್ಕಕ್ಕೆ ಬರಲಿಲ್ಲ. ಅಧಿಕೃತವಾಗಿ ದಾಖಲೆ ಮುರಿದದ್ದು 1971ರಲ್ಲಿ, ಅಮೆರಿಕದ ಪ್ಯಾಟ್ ಮಾಟ್ಸ್‌ಡೋರ್ಫ್ ಕೈಯಲ್ಲಿ. ಹಾಗಾಗಿ ಊರುಗೋಲಿನ ಮೇಲೆ ಓಡಾಡಿದ ವರ್ಷಗಳುದ್ದಕ್ಕೂ ಬ್ರೂಮೆಲ್ ಹೆಸರು ವಿಶ್ವದಾಖಲೆಯ ಪಟ್ಟಿಯಲ್ಲಿ ಇದ್ದೇ ಇತ್ತು. ತನ್ನದೇ 2.28ರ ಪಕ್ಕದಲ್ಲಿ ತನ್ನ ಈಗಿನ 2.05 ಇಟ್ಟು ನೋಡಬೇಕಾದ ಮನುಷ್ಯನಿಗೆ ಬೇರೆಯವರ ಚಪ್ಪಾಳೆ ಎಷ್ಟು ಸಮಾಧಾನ ಕೊಟ್ಟೀತು?

ಹೋದ 23 ಸೆಂಟಿಮೀಟರ್ ಎಲ್ಲಿ ಹೋಯಿತು? ಮೂಳೆಯ ಉದ್ದದಲ್ಲಂತೂ ಅಲ್ಲ, ಅದು ವಾಪಸ್ ಬಂದಿತ್ತು. ಹತ್ತಾರು ಬಾರಿ ಕೊಯ್ದ ಅಂಗಾಂಶದಲ್ಲಿ ಕಲೆಗಟ್ಟುತ್ತದೆ, ಕಲೆಗಟ್ಟಿದ ಸ್ನಾಯು ಚಿಮ್ಮುವುದಿಲ್ಲ. ಪಾದದ ಕೀಲು ನಡಿಗೆಗೆ ಸಾಕಾಗುವಷ್ಟು ಬಾಗಿದರೂ ಪೂರ್ಣ ವೇಗದ ಓಟದ ಕೊನೆಯ ಹೆಜ್ಜೆಯ ಹೊಡೆತವನ್ನು ತಾಳುವ ಮೃದುತನ ಅದಕ್ಕೆ ಮರಳುವುದು ಅಪರೂಪ. ಜಿಗಿತಗಾರನ ಅತ್ಯುತ್ತಮ ವಯಸ್ಸಿನ ಮೂರು ವರ್ಷಗಳು ಅಭ್ಯಾಸವಿಲ್ಲದೆ ಹೋಗಿದ್ದವು. ನನ್ನ ತೀರ್ಮಾನವನ್ನು ಕೇಳಿದರೆ, ಬ್ರೂಮೆಲ್ ಕಳೆದುಕೊಂಡದ್ದರ ಬಹುಪಾಲು 1965 ಮತ್ತು 1968ರ ನಡುವೆಯೇ ಹೋಗಿತ್ತು. ಕುರ್ಗಾನ್ ಉಳಿದದ್ದನ್ನು ಉಳಿಸಿತು. ಉಳಿದದ್ದೂ ಕಡಿಮೆಯೇನಲ್ಲ, ತನ್ನ ತಲೆಗಿಂತ 20 ಸೆಂಟಿಮೀಟರ್ ಮೇಲೆ.

ವೈದ್ಯಲೋಕಕ್ಕೆ ಈ ಪ್ರಕರಣ ಮಾಡಿದ ಉಪಕಾರ ಬೇರೆಯದೇ. ಸಾವಿರಾರು ಅನಾಮಧೇಯ ರೈತರು, ಕಾರ್ಮಿಕರು ಗುಣವಾದದ್ದು ಮಾಡದ ಸದ್ದನ್ನು ಒಲಿಂಪಿಕ್ ಚಾಂಪಿಯನ್ ಒಬ್ಬರ ಕಾಲು ಮಾಡಿತು. 1971ರಲ್ಲಿ ಕುರ್ಗಾನಿನ ಕೇಂದ್ರ ಸ್ವತಂತ್ರ ಸಂಶೋಧನಾ ಸಂಸ್ಥೆಯಾಯಿತು. ಪಶ್ಚಿಮಕ್ಕೆ ದಾರಿ ತೆರೆದದ್ದು ಇನ್ನೊಬ್ಬ ರೋಗಿ, ಇಟಲಿಯ ಪರ್ವತಾರೋಹಿ ಕಾರ್ಲೊ ಮೌರಿ. 1958ರಲ್ಲಿ ವಾಲ್ಟರ್ ಬೊನಾಟ್ಟಿ ಜೊತೆ ಗಶರ್‌ಬ್ರಮ್-4 ಶಿಖರವನ್ನು ಮೊದಲ ಬಾರಿಗೆ ಏರಿದವರು. ಆಮೇಲೆ ಸ್ಕೀಯಿಂಗ್ ಅಪಘಾತದಲ್ಲಿ ಕಾಲು ಮುರಿದು ಗಿಡ್ಡವಾಗಿ, ಪಾದ ಸೆಟೆದು, ಸುಮಾರು ಇಪ್ಪತ್ತು ವರ್ಷ ಕುಂಟುತ್ತಲೇ ಜಗತ್ತು ಸುತ್ತಿದವರು. ಥೋರ್ ಹೆಯೆರ್ಡಾಲ್ ಅವರ ಜೊಂಡಿನ ದೋಣಿ 'ರಾ'ದಲ್ಲಿ ಜೊತೆಗಿದ್ದ ಸೋವಿಯತ್ ವೈದ್ಯ ಯೂರಿ ಸೆಂಕೆವಿಚ್ ಮೂಲಕ ಕುರ್ಗಾನಿನ ನಂಟು ಬೆಳೆದು 1980ರಲ್ಲಿ ಅಲ್ಲಿ ಚಿಕಿತ್ಸೆ ಪಡೆದರು. ಮರಳಿ ಬಂದಾಗ ಅವರ ನಡಿಗೆ ನೋಡಿದ ಇಟಲಿಯ ವೈದ್ಯರು ಮರುವರ್ಷ ಇಲಿಝರೋವ್ ಅವರನ್ನು ಬೆಲ್ಲಾಜಿಯೊ ಸಮ್ಮೇಳನಕ್ಕೆ ಕರೆಸಿದರು. ಅಲ್ಲಿಂದ ಆ ಬಳೆಗಳು ಜಗತ್ತನ್ನೆಲ್ಲ ಸುತ್ತಿ ನಮ್ಮ ವಾರ್ಡುಗಳಿಗೂ ಬಂದವು. ಗಮನಿಸಿ, ಇಟಲಿಯವರನ್ನು ಮಣಿಸಿದ್ದು ಎಕ್ಸ್-ರೇ ಅಲ್ಲ, ಮೌರಿ ನಡೆದು ಬಂದ ರೀತಿ.

ಈಚೆಗೆ ಕಾಲು ಉದ್ದ ಮಾಡಿಸಿಕೊಳ್ಳುವವರಲ್ಲಿ ಆರೋಗ್ಯವಂತರೂ ಇದ್ದಾರೆ. ಎತ್ತರ ಕಡಿಮೆ ಎಂಬ ಒಂದೇ ಕಾರಣಕ್ಕೆ. ಮೂಳೆಯೊಳಗೇ ಕೂತು ಅಯಸ್ಕಾಂತದಿಂದ ಹಿಗ್ಗುವ ಸರಳುಗಳು ಬಂದಿವೆ, ಹೊರಗಿನ ಬಳೆಯ ತೊಂದರೆ ಇಲ್ಲ. ಸ್ನಾಯು, ನರ, ಕೀಲು ಮಾತ್ರ 1968ರಲ್ಲಿ ಇದ್ದ ಹಾಗೆಯೇ ಇವೆ. ಬ್ರೂಮೆಲ್ ಮೂರೂವರೆ ಸೆಂಟಿಮೀಟರ್ ಎಳೆಸಿಕೊಂಡದ್ದು ಮತ್ತೆ ನಡೆಯಲು. ಚೆನ್ನಾಗಿ ನಡೆಯುವವನು ಅದರ ದುಪ್ಪಟ್ಟು ಎಳೆಸಿಕೊಳ್ಳಲು ಹೊರಟಾಗ ಅವನ ಕೈಗೆ ಟವೆಲ್ ಕೊಟ್ಟು ತಿಂಗಳುಗಟ್ಟಲೆ ಜೊತೆಗಿರುವವರು ಯಾರು ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬಳೆ ಹಾಕಿಸಿಕೊಂಡವರಿಗೂ ಮನೆಯವರಿಗೂ ನಾನು ಹೇಳುವುದಿಷ್ಟೇ. ಪ್ರತಿ ಭೇಟಿಯಲ್ಲೂ ಕಾಲು ಎಷ್ಟು ಉದ್ದವಾಯಿತೆಂದು ಕೇಳುತ್ತೀರಿ. ಅದರ ಪಕ್ಕದಲ್ಲೇ ಇನ್ನೂ ಮೂರು ಅಳತೆ ಬರೆಸಿಕೊಳ್ಳಿ: ಮಂಡಿ ಪೂರ್ತಿ ನೇರವಾಗುತ್ತದೆಯೇ, ಮಂಡಿ ನೇರವಿದ್ದಾಗ ಪಾದ ಎಷ್ಟು ಡಿಗ್ರಿ ಮೇಲೆ ಬರುತ್ತದೆ, ತೂಕದ ಯಂತ್ರದ ಮೇಲೆ ಆ ಕಾಲು ಎಷ್ಟು ಕಿಲೋ ಹೊರುತ್ತದೆ. ಎರಡು ವಾರದಲ್ಲಿ ಮೊದಲೆರಡು ಹಿಂದೆ ಸರಿದಿದ್ದರೆ ನಟ್ಟು ತಿರುಗಿಸುವ ಮುನ್ನ ಶಸ್ತ್ರಚಿಕಿತ್ಸಕರೊಡನೆ ಮಾತನಾಡಬೇಕು.